ತಲೆ ಇಡುವ ಹೊತ್ತು

ಮೇಜು ಕಂಡರೆ ತಲೆ ಇಟ್ಟುಬಿಡುವುದು ನಮ್ಮ ತವರಿನವರ ಅಭ್ಯಾಸ. ಅಭ್ಯಾಸ ಅನ್ನುವುದಕ್ಕಿಂತ ಚಟ ಅಂದರೇ ಸರಿ. ಬ್ಯಾಂಕಿನಲ್ಲಿ ಮ್ಯಾನೇಜರು ಬರುವವರೆಗೆ, ಮದುವೆ ಮನೆಯಲ್ಲಿ ಎಲೆ ಹಾಕುವವರೆಗೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವವರೆಗೆ, ಎದುರಿಗೊಂದು ಹಲಗೆ ಸಿಕ್ಕರೆ ಸಾಕು, ನನ್ನ ಕೈಗಳು ತಾವಾಗಿಯೇ ಮಡಚಿಕೊಂಡು ಅವುಗಳ ಮೇಲೆ ತಲೆ ಹೋಗಿ ಕೂರುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ ಇದನ್ನು ನೋಡಿ, ಸೊಸೆ ಅಳುತ್ತಿದ್ದಾಳೆಂದು ತಿಳಿದು, ಮಗನನ್ನು ಒಳಗೆ ಕರೆದು ಚೆನ್ನಾಗಿ ಬೈದಿದ್ದರು. ನಾನು ತಲೆ ಎತ್ತುವ ಹೊತ್ತಿಗೆ ನಮ್ಮ ಯಜಮಾನರು ತಪ್ಪಾಯಿತೆಂದು ಒಪ್ಪಿಕೊಂಡೂ ಆಗಿತ್ತು. ಯಾವ ತಪ್ಪು ಎಂದು ಇವತ್ತಿನವರೆಗೂ ಬಾಯಿಬಿಟ್ಟಿಲ್ಲ.

ಈ ಚಟ ನನಗೆ ಬಂದದ್ದು ಅಪ್ಪನಿಂದ. ಅಪ್ಪನಿಗೆ ಅಂಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ಆ ಶೆಡ್ಡು ಈಗ ವಿಶ್ವವಿದ್ಯಾಲಯವಾಗಿದೆ. ಹೆಸರು ಹೇಳುವುದಿಲ್ಲ; ನಾನು ಅಲ್ಲೇ ಕನ್ನಡ ಪಾಠ ಹೇಳಿಕೊಂಡು ಬದುಕುತ್ತಿದ್ದೇನೆ, ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲ ಬಾಕಿ ಇದೆ, ಸುಮ್ಮನೆ ಯಾಕೆ. ವಿಶ್ವವಿದ್ಯಾಲಯ ಅಂದ ಕೂಡಲೇ ನೀವು ಮರಗಳ ಸಾಲು, ಕೊಳ, ಗಡಿಯಾರದ ಗೋಪುರ ಎಲ್ಲ ಊಹಿಸಿಕೊಳ್ಳಬೇಡಿ. ನಮ್ಮದು ಒಂದು ಚರ್ಚಿನ ಬೆನ್ನಿಗೆ ಅಂಟಿಕೊಂಡು ನಿಂತ ಕೆಲವು ಕಟ್ಟಡ, ಅಷ್ಟೆ. ಪಕ್ಕದಲ್ಲೇ ತಗಡು ಒತ್ತುವ ಕಾರ್ಖಾನೆ. ಅದರ ಯಂತ್ರ ಬೆಳಗಿನಿಂದ ಧಡ್, ಧಡ್ ಅನ್ನುತ್ತಲೇ ಇರುತ್ತದೆ. ಹೊಸದಾಗಿ ಸೇರಿದ ಅಧ್ಯಾಪಕರು ಮೊದಲ ವಾರ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಹಳಬರಾದ ನಾವು ಎರಡು ಧಡ್‌ಗಳ ನಡುವೆ ಒಂದು ವಾಕ್ಯ ಮುಗಿಸುವುದನ್ನು ಕಲಿತಿದ್ದೇವೆ. ನಾನು ಷಟ್ಪದಿ ಕಲಿಸುವುದೂ ಆ ಯಂತ್ರದ ತಾಳಕ್ಕೇ. ಭಾನುವಾರ ಮನೆಯಲ್ಲಿ ಮಾತಾಡುವಾಗಲೂ ವಾಕ್ಯ ಮುಗಿದ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಧಡ್ ಬರದಿದ್ದರೆ ಏನೋ ಕಳೆದುಕೊಂಡ ಹಾಗಾಗುತ್ತದೆ.

ಇಂಥ ವಿಶ್ವವಿದ್ಯಾಲಯಕ್ಕೆ ಈ ವರ್ಷ ಇದ್ದಕ್ಕಿದ್ದಂತೆ ಇತಿಹಾಸ ಬೇಕಾಯಿತು. ಸುವರ್ಣ ಮಹೋತ್ಸವವಂತೆ. ಶೆಡ್ಡು ಕಟ್ಟಿದ ವರ್ಷದಿಂದ ಎಣಿಸಿದರೆ ಸುವರ್ಣ ಮಹೋತ್ಸವ ಯಾರಿಗೂ ಗೊತ್ತಾಗದ ಹಾಗೆ ಎಂದೋ ಕಳೆದುಹೋಗಿದೆ. ಸರ್ಕಾರ ಕಾಲೇಜೆಂದು ಒಪ್ಪಿಕೊಂಡ ವರ್ಷದಿಂದ ಎಣಿಸಿದರೆ ಈ ವರ್ಷಕ್ಕೆ ಸರಿಹೋಗುತ್ತದೆ. ವಿಶ್ವವಿದ್ಯಾಲಯದ ಬೋರ್ಡು ಏರಿದ ದಿನದಿಂದ ಎಣಿಸಿದರೆ ನಮಗಿನ್ನೂ ಹಾಲುಹಲ್ಲೂ ಬಿದ್ದಿಲ್ಲ. ಇದನ್ನು ತೀರ್ಮಾನಿಸಲು ಒಂದು ಸಮಿತಿ ಆಯಿತು. ಸಮಿತಿ ಮೂರು ಸಭೆ ಸೇರಿ, ಸಮೋಸ ತಿಂದು, ಯಾವ ಲೆಕ್ಕದಲ್ಲಿ ಸಭಾಂಗಣ ಖಾಲಿ ಸಿಗುತ್ತದೋ ಅದೇ ಸರಿಯಾದ ವರ್ಷ ಎಂದು ನಿರ್ಧರಿಸಿತು.

ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಂತು. ನಮ್ಮಲ್ಲಿ ಕನ್ನಡ ಮೇಡಂ ನೆನಪಾಗುವುದು ನವೆಂಬರಿನಲ್ಲಿ, ಮತ್ತೆ ಯಾರಾದರೂ ತೀರಿಕೊಂಡಾಗ. ರಾಜ್ಯೋತ್ಸವದ ಭಾಷಣ, ಶ್ರದ್ಧಾಂಜಲಿಯ ಬ್ಯಾನರು, ಇವೆರಡು ಬಿಟ್ಟು ಮೂರನೆಯದಕ್ಕೆ ನನ್ನನ್ನು ಕರೆದದ್ದು ಇದೇ ಮೊದಲು. ಹಿಗ್ಗಿಹೋದೆ ಅಂತಲೇ ಇಟ್ಟುಕೊಳ್ಳಿ. ಮೂವತ್ತು ವರ್ಷ ಅಲ್ಲೇ ಸವೆದವಳು ನಾನು, ಮೇಲಾಗಿ ನಮ್ಮಪ್ಪ ಮೊದಲ ತಂಡದ ವಿದ್ಯಾರ್ಥಿ. ಕಥೆ ಕೇಳಲು ಮನೆ ದಾಟಬೇಕಾಗಿಲ್ಲ.

ಅಪ್ಪ ರಾಣೆಬೆನ್ನೂರಿನ ಕಡೆಯವರು. ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತರು. ಈಗ ಎಂಬತ್ತು ದಾಟಿದೆ, ಬಾಗಲಗುಂಟೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಆಗ ಅವರಿಗೆ ಒಂದೇ ಹಟ, ಡಿಗ್ರಿ ಮಾಡಿ ಯಂತ್ರದ ಮುಂದಿನಿಂದ ಮೇಜಿನ ಹಿಂದಕ್ಕೆ ಹೋಗಬೇಕು. ಚರ್ಚಿನ ಫಾದರ್ ಗ್ರೆಗರಿ ಅನ್ನುವವರು ಇಂಥ ಹಟದ ಹುಡುಗರಿಗೆಂದೇ ಚರ್ಚಿನ ಹಿತ್ತಲಿನಲ್ಲಿ ಕಲ್ನಾರು ಶೀಟಿನ ಶೆಡ್ಡು ಹಾಕಿ ಬೆಳಗಿನ ಕಾಲೇಜು ಶುರು ಮಾಡಿದರು. ನೈಟ್ ಶಿಫ್ಟ್ ಬಿಟ್ಟ ಕೂಡಲೇ ಸೈಕಲ್ ತುಳಿದುಕೊಂಡು ಬಂದರೆ ಪಾಠ. ಪಾಠ ಮುಗಿಸಿ ಮನೆಗೆ ಹೋದರೆ ನಿದ್ದೆ. ನನ್ನ ಬಾಲ್ಯದ ತುಂಬ 'ಅಪ್ಪ ಮಲಗಿದ್ದಾರೆ, ಸದ್ದು ಮಾಡಬೇಡ' ಎಂಬ ಒಂದೇ ಮಾತು. ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳೆಲ್ಲ ಹಾಗೆಯೇ, ಹಗಲು ಪಿಸುಗುಟ್ಟಿಕೊಂಡು ಕುಂಟೆಬಿಲ್ಲೆ ಆಡಿದವರು. ಈಗಲೂ ಆ ಕಡೆಯ ನನ್ನ ಗೆಳತಿಯರು ಫೋನಿನಲ್ಲಿ ಮಾತಾಡಿದರೆ ಏನೋ ಗುಟ್ಟು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಹೇಳುತ್ತಿರುವುದು ಬದನೆಕಾಯಿ ರೇಟು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮೊದಲ ಪಾಠಕ್ಕೆ ಮುಂಚೆ ಫಾದರ್ ಗ್ರೆಗರಿ, "ತಲೆ ಇಡ್ರಪ್ಪಾ" ಅನ್ನುತ್ತಿದ್ದರು. ಎಲ್ಲರೂ ಬೆಂಚಿನ ಮೇಲೆ ಕೈ ಮಡಚಿ ತಲೆ ಇಟ್ಟು ಸ್ವಲ್ಪ ಹೊತ್ತು ಮಲಗಬೇಕು. ಡಸ್ಟರಿನಿಂದ ಮೇಜು ತಟ್ಟಿದ ಮೇಲೆ ಏಳಬೇಕು. ಕಾಲೇಜು ಬೆಳೆಯಿತು, ಶೆಡ್ಡು ಹೋಯಿತು, ಲಿಫ್ಟು ಬಂತು, ಬಿ.ಬಿ.ಎ. ಬಂತು, ಟೈ ಕಟ್ಟಿದ ಹುಡುಗರು ಬಂದರು. ಬೆಳಗಿನ ಬಿ.ಕಾಂ. ಮಾತ್ರ ಹಾಗೇ ಉಳಿಯಿತು, ಅದರಲ್ಲಿ ಈ ಪದ್ಧತಿಯೂ ಉಳಿಯಿತು. ಅದರ ಮೊದಲ ಪಾಠ ನನ್ನದೇ. ಹುಡುಗರು ಇದನ್ನು ತಲೆ ಇಡೋ ಹೊತ್ತು ಅನ್ನುತ್ತಾರೆ. ಪೀಣ್ಯದ ಯಾವ ಯಾವುದೋ ಯಂತ್ರಗಳ ಮುಂದೆ ರಾತ್ರಿಯೆಲ್ಲ ನಿಂತು ಬಂದವರು ತಲೆ ಇಟ್ಟರೆಂದರೆ ಪಕ್ಕದ ಧಡ್ ಕೂಡ ಅವರಿಗೆ ಕೇಳಿಸುವುದಿಲ್ಲ.

ಇದು ನಿದ್ದೆ ಎಂಬುದು ನನಗೆ ಗೊತ್ತು, ಅಪ್ಪನಿಗೆ ಗೊತ್ತು, ಹುಡುಗರಿಗೆ ಗೊತ್ತು. ವಿಶ್ವವಿದ್ಯಾಲಯಕ್ಕೆ ಗೊತ್ತಿರಲಿಲ್ಲ. ಕಾರಣ ಒಂದು ಫೋಟೋ. ಮೊದಲ ತಂಡದ್ದೆಂದು ನಮ್ಮಲ್ಲಿ ಉಳಿದಿರುವುದು ಒಂದೇ ಫೋಟೋ. ಯಾರು ತೆಗೆದರೋ, ಬಾಗಿಲಲ್ಲಿ ನಿಂತು ತೆಗೆದಿದ್ದಾರೆ. ಶೆಡ್ಡಿನ ತುಂಬ ಬೆಂಚುಗಳ ಮೇಲೆ ಬಗ್ಗಿದ ತಲೆಗಳು, ಕೊನೆಯಲ್ಲಿ ಬಿಳಿ ನಿಲುವಂಗಿಯಲ್ಲಿ ಫಾದರ್ ಗ್ರೆಗರಿ, ಅವರ ಕಣ್ಣೂ ಕೆಳಗೆ. ಇದನ್ನು ಯಾರೋ ದೊಡ್ಡದು ಮಾಡಿಸಿ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಕೆಳಗೆ 'ಪ್ರಾರ್ಥನೆ' ಎಂದು ಬರೆಸಿ ಲಾಬಿಯಲ್ಲಿ ತೂಗುಹಾಕಿದ್ದಾರೆ. ಬಂದ ಅತಿಥಿಗಳೆಲ್ಲ ಅದರ ಮುಂದೆ ನಿಂತು ಮೆಲ್ಲಗೆ ಮಾತಾಡುತ್ತಾರೆ. ಅಪ್ಪ ಒಮ್ಮೆ ನನ್ನ ಜೊತೆ ಬಂದವರು ಅದನ್ನು ನೋಡಿ, ಮೂರನೇ ಸಾಲಿನ ಒಂದು ತಲೆಯ ಮೇಲೆ ಬೆರಳಿಟ್ಟು, "ಎರಡು ಸುಳಿ ಇದಾವಲ್ಲ, ಅದು ನಾನು" ಅಂದರು. ಆಮೇಲೆ ಕೆಳಗಿನ ಅಕ್ಷರ ಓದಿದರು. ಅಪ್ಪ ಬೆಂಗಳೂರಿನ ಮಾತು ಚೆನ್ನಾಗಿಯೇ ಆಡುತ್ತಾರೆ, ಸಿಟ್ಟು ಬಂದರೆ ಮಾತ್ರ ಊರ ಮಾತು ಹೊರಗೆ ಬರುತ್ತದೆ. "ಯಾವ ಪ್ರಾರ್ಥನಿ? ನಾವು ಮಲಗಿದ್ವಿ. ಇದನ್ನ ಬರದವ ಯಾರು?" ಎಂದು ಲಾಬಿಯಲ್ಲೇ ಕೇಳಿದರು. ಸೆಕ್ಯುರಿಟಿಯವನು ನನ್ನ ಮುಖ ನೋಡಿದ.

ಅಪ್ಪನ ಸಿಟ್ಟಿಗೆ ಕಾರಣವಿದೆ. ನಾನು ತೊಟ್ಟಿಲಲ್ಲಿದ್ದ ಕಾಲದ ಮಾತು, ಆದರೆ ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ ಕಣ್ಣಾರೆ ಕಂಡ ಹಾಗೇ ಆಗಿದೆ. ಊರಿನ ಯಾರೋ ಪುಣ್ಯಾತ್ಮ ನಮ್ಮಜ್ಜನ ಕಿವಿಯಲ್ಲಿ, ನಿನ್ನ ಮಗ ದಿನಾ ಬೆಳಿಗ್ಗೆ ಪಾದ್ರಿ ಮುಂದೆ ತಲೆ ಬಗ್ಗಿಸಿ ಪ್ರಾರ್ಥನೆ ಮಾಡುತ್ತಾನೆ ಎಂದು ಊದಿದ. ಅಜ್ಜನದು ದಿನಕ್ಕೆರಡು ಹೊತ್ತು ಲಿಂಗಪೂಜೆ ತಪ್ಪಿಸದ ಜೀವ. ಕೇಳಿದ್ದೇ ತಡ, ರೊಟ್ಟಿಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು. ಕ್ವಾರ್ಟರ್ಸಿಗೂ ಬರಲಿಲ್ಲ, ನೆಟ್ಟಗೆ ದಾರಿ ಕೇಳಿಕೊಂಡು ಶೆಡ್ಡಿಗೇ ಹೋಗಿ ಕಿಟಕಿಯಲ್ಲಿ ನಿಂತರು. ಒಳಗೆ ನೋಡಿದರೆ ಮಾತು ನಿಜ, ಮಗ ತಲೆ ಬಗ್ಗಿಸಿದ್ದಾನೆ.

"ಏನ್ರೀ ಸ್ವಾಮಿ, ನನ್ನ ಮಗ ಏನು ಮಾಡಾಕತ್ಯಾನ?" ಅಂದರಂತೆ ಅಜ್ಜ.

ಫಾದರ್ ತುಟಿಗೆ ಬೆರಳಿಟ್ಟು ಕಿಟಕಿಯ ಹತ್ತಿರ ಬಂದು, "ಮೆಲ್ಲಗೆ ಯಜಮಾನ್ರೇ. ಮಲಗಿದಾರೆ. ರಾತ್ರಿಯೆಲ್ಲ ದುಡಿದು ಬಂದಿರೋರು" ಅಂದರಂತೆ.

ಅಜ್ಜ ಸುಮ್ಮನೆ ನಂಬುವವರಲ್ಲ. ಕಿಟಕಿಗೆ ಕಿವಿ ಕೊಟ್ಟು ಕೇಳಿದರಂತೆ. ಬಹಳ ಹೊತ್ತು ಕೇಳಿ, "ಹೌದ್ರೀ, ಇದು ನಮ್ಮ ಮನಿ ಗೊರಕಿನ. ನಮ್ಮಪ್ಪಂದೂ ಹಿಂಗ ಇತ್ತು" ಎಂದು ಒಪ್ಪಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಗ ಎದ್ದು ಹೊರಗೆ ಬರುವ ಹೊತ್ತಿಗೆ ರೊಟ್ಟಿಗಂಟು ಬಿಚ್ಚಿ ಅರ್ಧ ಫಾದರಿಗೆ ಕೊಟ್ಟಾಗಿತ್ತು. ಅಪ್ಪ ಇವತ್ತಿಗೂ ಹೇಳುವುದು ಇದನ್ನೇ: ನಮ್ಮಪ್ಪನ ಮುಂದೆ ನಾನು ಆ ಕಾಲೇಜಿನ ವಿಷಯದಲ್ಲಿ ಒಂದು ಸುಳ್ಳು ಹೇಳಬೇಕಾಗಿ ಬರಲಿಲ್ಲ. ಹೀಗಾಗಿ ನಾನು ಇತಿಹಾಸ ಬರೆಯುತ್ತೇನೆಂದು ತಿಳಿದ ದಿನ ಅವರು ಕೇಳಿದ್ದು ಒಂದೇ. ಹೆಸರು ಹಾಕಬೇಡ, ಫೋಟೋ ಹಾಕಬೇಡ, ನಾವು ಮಲಗುತ್ತಿದ್ದೆವು ಎಂದು ಒಂದು ಸಾಲು ಬರಿ. ಆಯಿತಪ್ಪಾ ಅಂದೆ. ಒಂದು ಸಾಲು ತಾನೆ ಅಂದುಕೊಂಡೆ.

ಅಷ್ಟರಲ್ಲಿ ಕ್ಯಾಮೆರಾ ಬಂತು. ಹಾಜರಿ ಕೂಗುವುದು ಹಳೆಯ ಕಾಲದ ಕ್ರಮವಂತೆ. ಇನ್ನು ಮೇಲೆ ಕರಿಹಲಗೆಯ ಮೇಲಿನ ಕ್ಯಾಮೆರಾ ಪಾಠ ಶುರುವಾದ ಕೂಡಲೇ ಇಡೀ ತರಗತಿಯ ಚಿತ್ರ ತೆಗೆದು, ಮುಖಗಳನ್ನು ಗುರುತಿಸಿ, ತಾನೇ ಹಾಜರಿ ಹಾಕಿಕೊಳ್ಳುತ್ತದೆ. ಮೊದಲ ದಿನ ಬೆಳಗಿನ ಬಿ.ಕಾಂ.ನಲ್ಲಿ ಅದಕ್ಕೆ ಕಂಡದ್ದು ಬರೀ ತಲೆಗಳು. ಇಡೀ ತರಗತಿ ಗೈರು. ಹಿಂದಿನ ಗೋಡೆಯ ಮೇಲೆ ಒಬ್ಬ ಸಂತರ ಪಟವಿದೆ, ಆ ಮುಖ ಮಾತ್ರ ಸ್ಪಷ್ಟವಾಗಿ ಸಿಕ್ಕಿತ್ತು. ಗುರುತು ಸಿಗದ ವ್ಯಕ್ತಿಯೊಬ್ಬರು ತರಗತಿಯಲ್ಲಿದ್ದಾರೆ ಎಂದು ನನ್ನ ಫೋನಿಗೆ ಎಚ್ಚರಿಕೆ ಬಂತು.

ರಿಜಿಸ್ಟ್ರಾರ್ ಸಾಹೇಬರ ಕೊಠಡಿಗೆ ಹೋದೆ. ಅವರು ಕೆಟ್ಟವರಲ್ಲ, ಹೊಸಬರು. ದಿನಕ್ಕೊಂದು ಸುತ್ತೋಲೆ ಹೊರಡಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಸಾರ್, ಫೋಟೋ ಸ್ವಲ್ಪ ತಡವಾಗಿ ತೆಗೆಯೋ ಹಾಗೆ ಮಾಡ್ಸಿ. ಹುಡುಗ್ರು ತಲೆ ಇಟ್ಟಿರ್ತಾರೆ" ಅಂದೆ.

"ಲೇಟಾಗಿ ಬರೋರನ್ನ ಹಿಡಿಯೋಕೇ ಅಲ್ವಾ ಮೇಡಂ ಅದನ್ನ ಹಾಕಿರೋದು? ತಲೆ ಇಡೋದನ್ನ ನಿಲ್ಸಿ. ಕ್ಲಾಸಲ್ಲಿ ನಿದ್ದೆ ಮಾಡ್ತಾರೆ ಅಂತ ಹೊರಗೆ ಗೊತ್ತಾದ್ರೆ ಏನು ಚೆನ್ನಾಗಿರುತ್ತೆ?"

"ಲಾಬೀಲಿ ಅದನ್ನೇ ಪ್ರಾರ್ಥನೆ ಅಂತ ಹಾಕಿದೀರಲ್ಲ ಸಾರ್."

"ಅದು ಹೆರಿಟೇಜ್ ಮೇಡಂ. ನೀವು ಇತಿಹಾಸದಲ್ಲಿ ಅದರ ಬಗ್ಗೆ ಒಂದು ಒಳ್ಳೆ ಪ್ಯಾರಾ ಬರೀರಿ. ಬೇರೆ ಯಾವ ಯೂನಿವರ್ಸಿಟೀಲಿದೆ ಇಂಥ ಪರಂಪರೆ?"

ಒಂದೇ ತಲೆ, ಲಾಬಿಯಲ್ಲಿ ಬಗ್ಗಿದರೆ ಪರಂಪರೆ, ಬೆಂಚಿನ ಮೇಲೆ ಬಗ್ಗಿದರೆ ಅಶಿಸ್ತು. ಇದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ, ಪಕ್ಕದಿಂದ ಧಡ್ ಅಂತು, ಮುಚ್ಚಿಕೊಂಡೆ. ಸಂಜೆ ಸುತ್ತೋಲೆ ಬಂತು. ಮುಂದಿನ ತಿಂಗಳಿಂದ ತಲೆ ಇಡುವಂತಿಲ್ಲ. ಅದರ ಬದಲು ವಾರಕ್ಕೊಂದು ಸಲ ಸಭಾಂಗಣದಲ್ಲಿ ಧ್ಯಾನ, ಪರದೆಯ ಮೇಲೆ ಜಲಪಾತದ ವಿಡಿಯೋ ಸಮೇತ. ಹಾಜರಾತಿ ಮುಕ್ಕಾಲು ಪಾಲಿಗಿಂತ ಕಡಿಮೆಯಾದರೆ ಪರೀಕ್ಷೆ ಇಲ್ಲ ಎಂಬ ಹಳೆಯ ನಿಯಮವನ್ನೂ ಕೆಳಗೆ ದಪ್ಪಕ್ಷರದಲ್ಲಿ ನೆನಪಿಸಿದ್ದರು.

ಸುತ್ತೋಲೆ ಓದಿ ಹೇಳಿದ ದಿನ ತರಗತಿ ಮುಗಿದ ಮೇಲೆ ಮಂಜುನಾಥ ನನ್ನ ಮೇಜಿನ ಹತ್ತಿರ ಬಂದ. ಪೀಣ್ಯದ ಎರಡನೇ ಹಂತದಲ್ಲಿ ನೈಟ್ ಶಿಫ್ಟ್ ಮೆಷಿನ್ ಆಪರೇಟರು. ಕೊನೆಯ ವರ್ಷ. ತಲೆ ಎತ್ತಿದ ಮೇಲೆ ಅವನಷ್ಟು ಚುರುಕಾಗಿ ಪ್ರಶ್ನೆ ಕೇಳುವವರು ತರಗತಿಯಲ್ಲಿ ಇನ್ನೊಬ್ಬರಿಲ್ಲ. ಅವನ ಪ್ರಶ್ನೆಗೆ ಹೆದರಿ ನಾನು ಹಿಂದಿನ ದಿನ ಓದಿಕೊಂಡು ಹೋಗುವುದುಂಟು.

"ಮೇಡಂ, ಆ ಸ್ವಲ್ಪ ಹೊತ್ತು ಇದ್ರೆ ಉಳಿದಿದ್ದು ಪೂರ್ತಿ ಎಚ್ಚರ ಇರ್ತೀನಿ. ಅದಿಲ್ಲ ಅಂದ್ರೆ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತೀನಿ. ಇಷ್ಟು ದಿನ ಎಳ್ಕೊಂಡು ಬಂದಿದ್ದೇ ಅದರಿಂದ" ಅಂದ.

"ಶಿಫ್ಟ್ ಬದಲಾಯಿಸ್ಕೊಳ್ಳೋಕೆ ಆಗಲ್ವೇನೋ?"

"ಹಗಲು ಶಿಫ್ಟ್ ತಗೊಂಡ್ರೆ ಕಾಲೇಜಿಲ್ಲ. ಕಾಲೇಜು ಬಿಟ್ರೆ ಜೀವನ ಪೂರ್ತಿ ನೈಟ್ ಶಿಫ್ಟೇ ಮೇಡಂ" ಅಂದ. ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಎಲ್ಲ ಯೋಚಿಸಿ ಮುಗಿಸಿದವನ ಹಾಗೆ ಹೇಳಿದ. ಮುಂದಿನ ತಿಂಗಳು ನೋಡುತ್ತೇನೆ, ಆಗದಿದ್ದರೆ ಬಿಟ್ಟುಬಿಡುತ್ತೇನೆ ಎಂದೂ ಸೇರಿಸಿದ. ನನಗೆ ಸಂಕಟವಾಯಿತು. ಆ ಬೆಂಚುಗಳ ಮೇಲೆ ಮಲಗಿದ್ದವರಲ್ಲಿ ಅವನಂಥವರು ಬೇಕಾದಷ್ಟು ಜನ. ಕೆಲವರು ಬಂದು ಹೇಳುವುದೂ ಇಲ್ಲ, ಒಂದು ದಿನ ಬರುವುದನ್ನು ನಿಲ್ಲಿಸುತ್ತಾರೆ.

ಮತ್ತೆ ರಿಜಿಸ್ಟ್ರಾರರ ಕೊಠಡಿ. ಈ ಸಲ ಜಗಳಕ್ಕೇ ಹೋಗಿದ್ದೆ. ಒಳಗೆ ಹೋಗಿ ಕೂತವಳೇ, ಸಂಸ್ಥಾಪಕರು ಹಾಕಿಕೊಟ್ಟ ಪ್ರಾರ್ಥನೆಯನ್ನು ಸುತ್ತೋಲೆ ಹೊರಡಿಸಿ ನಿಲ್ಲಿಸುವುದು ಹೇಗೆ ಸಾರ್ ಎಂದು ಕೇಳಿಬಿಟ್ಟೆ. ಆ ವಾಕ್ಯ ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಬಂದ ಮೇಲೆ ಅವರ ಮುಖ ನೋಡಿದೆ, ಮೊದಲ ಸಲ ಅವರು ಪೆನ್ನು ಕೆಳಗಿಟ್ಟಿದ್ದರು.

"ಅದು ನಿಜವಾಗ್ಲೂ ಪ್ರಾರ್ಥನೆ ಆಗಿದ್ರೆ ಬೇರೆ ಮಾತು ಮೇಡಂ. ಬಿಷಪ್ಪರು ಮಹೋತ್ಸವಕ್ಕೆ ಬರ್ತಿದಾರೆ. ಫೌಂಡರ್ ಬಾಯಿಂದ ಒಂದು ಮಾತು ತನ್ನಿ, ಪುಸ್ತಕದಲ್ಲಿ ಹಾಕಿ. ಕ್ಯಾಮೆರಾ ಏನು, ಪಾಠದ ಕೊನೇಲಿ ತೆಗ್ಸಿದ್ರೂ ನಡೆಯುತ್ತೆ" ಅಂದರು. ಲೇಟಾಗಿ ಬರುವವರನ್ನು ಹಿಡಿಯಬೇಕು ಎಂದು ಮುಂಚೆ ಹೇಳಿದ್ದವರು ಇವರೇ.

ಫಾದರ್ ಗ್ರೆಗರಿ ನಿವೃತ್ತ ಗುರುಗಳ ಮನೆಯಲ್ಲಿದ್ದಾರೆ, ತೊಂಬತ್ತು ದಾಟಿದೆ. ಅಪ್ಪನನ್ನೂ ಕರೆದುಕೊಂಡು ಹೋದೆ. ಹೋಗಿ ನಿಂತದ್ದೇ ಅವರು ಕಣ್ಣು ಕಿರಿದು ಮಾಡಿ ನೋಡಿ, "ಏನಯ್ಯಾ ರಾಣೆಬೆನ್ನೂರು, ಇದೀಯಾ?" ಅಂದರು. ಅವರಿಗೆ ಹುಡುಗರೆಲ್ಲ ಊರಿನ ಹೆಸರಿನಲ್ಲೇ ನೆನಪು. ಆಮೇಲೆ ಇಬ್ಬರೂ ಸೇರಿ ಕಾರ್ಖಾನೆಯ ಕ್ಯಾಂಟೀನಿನ ವಡೆಯ ಬಗ್ಗೆ ಮಾತಿಗೆ ಕೂತರು. ಆ ವಡೆಗೆ ಕೊಬ್ಬರಿ ಚೂರು ಹಾಕುತ್ತಿದ್ದರೋ ಇಲ್ಲವೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಾಯಿತು. ನಾನು ಕುರ್ಚಿಯ ತುದಿಯಲ್ಲಿ ಕೂತು ಬೆರಳು ನೆಟಿಕೆ ಮುರಿಯುತ್ತಿದ್ದೆ. ಒಂದು ವಿಶ್ವವಿದ್ಯಾಲಯದ ಇತಿಹಾಸ ಕೊಬ್ಬರಿ ಚೂರಿನಲ್ಲಿ ಸಿಕ್ಕಿಕೊಂಡರೆ ಯಾರಿಗೆ ಹೇಳುವುದು? ಕೊನೆಗೆ ತಡೆಯಲಾರದೆ ನಡುವೆ ಬಾಯಿ ಹಾಕಿದೆ.

"ಫಾದರ್, ತಲೆ ಇಡಿ ಅಂತ ಹುಡುಗ್ರಿಗೆ ಹೇಳ್ತಿದ್ರಲ್ಲ, ಅದು ಯಾಕೆ?"

ಅವರು ನಕ್ಕರು. "ಲೆಕ್ಕಶಾಸ್ತ್ರದ ಮೇಷ್ಟ್ರು ಶುರುವಿನಲ್ಲೇ ಬಿಟ್ಟು ಹೋದ್ರಮ್ಮಾ. ಬೇರೆ ಯಾರೂ ಸಿಗ್ಲಿಲ್ಲ. ನಾನು ಓದಿದ್ದು ದೇವತಾಶಾಸ್ತ್ರ, ನನಗೆಲ್ಲಿ ಬರಬೇಕು ಜಮಾ ಖರ್ಚು? ಇವ್ರನ್ನ ತಲೆ ಇಡಿ ಅಂತ ಹೇಳಿ, ಆ ಹೊತ್ತಲ್ಲಿ ಅವತ್ತಿನ ಪಾಠ ಓದ್ಕೋತಿದ್ದೆ."

ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ಅಂದ್ರೆ ನಮಗೋಸ್ಕರ ಅಲ್ವಾ ಫಾದರ್? ಇಷ್ಟು ವರ್ಷ ನಿಮ್ಮ ಕರುಣೆ ಅಂದ್ಕೊಂಡಿದ್ದೆ ನಾನು."

"ಕರುಣೆ ಆಮೇಲೆ ಬಂತು ಕಣಯ್ಯಾ. ಪುಸ್ತಕ ಮುಚ್ಚಿ ನೋಡಿದ್ರೆ ನೀವೆಲ್ಲ ಗೊರಕೆ ಹೊಡೀತಿದ್ರಿ. ಎಬ್ಬಿಸೋಕೆ ಮನಸ್ಸು ಬರ್ತಿರ್ಲಿಲ್ಲ. ಮೇಜು ತಟ್ಟೋಕೆ ಡಸ್ಟರ್ ಎತ್ಕೊಂಡು ಸುಮ್ನೆ ನಿಂತಿರ್ತಿದ್ದೆ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ನನಗೆ ಅತ್ತ ಕಣ್ಣು ತುಂಬುತ್ತಿತ್ತು, ಇತ್ತ ತಲೆ ಕೆಡುತ್ತಿತ್ತು. ಪ್ರಾರ್ಥನೆ ಎಂಬ ಒಂದು ಮಾತಿಗಾಗಿ ಬಂದವಳಿಗೆ ಸಿಕ್ಕಿದ್ದು, ಪಾಠ ಬಾರದ ಮೇಷ್ಟ್ರು ಮತ್ತು ಗೊರಕೆ ಹೊಡೆಯುವ ಶಿಷ್ಯರು. ಇದನ್ನು ರಿಜಿಸ್ಟ್ರಾರರ ಮುಂದಿಟ್ಟರೆ ಸುತ್ತೋಲೆಗೆ ಇನ್ನೊಂದು ಸಾಲು ಸೇರುತ್ತದೆ, ಅಷ್ಟೆ. ನಾಚಿಕೆ ಬಿಟ್ಟು ಕೇಳಿದೆ.

"ಫಾದರ್, ಆ ಹೊತ್ತಲ್ಲಿ ಒಂದಿಷ್ಟಾದ್ರೂ ಪ್ರಾರ್ಥನೆ ಮಾಡ್ತಿರ್ಲಿಲ್ವಾ?"

"ಮಾಡ್ತಿದ್ದೆ, ದಿನಾ ಮಾಡ್ತಿದ್ದೆ" ಅಂದರು. "ಇವತ್ತು ಯಾರೂ ಪ್ರಶ್ನೆ ಕೇಳದಿರಲಿ ದೇವರೇ ಅಂತ."

ಸಿಕ್ಕಿತಲ್ಲ ಅನ್ನಿಸಿತು. ಮನೆಗೆ ಬಂದು ಬರೆದೆ: ಆ ಹೊತ್ತಿನಲ್ಲಿ ಫಾದರ್ ಪ್ರಾರ್ಥಿಸುತ್ತಿದ್ದರು, ವಿದ್ಯಾರ್ಥಿಗಳು ಮಲಗಿರುತ್ತಿದ್ದರು. ಎರಡೂ ನಿಜ. ಅಪ್ಪನ ಸಾಲೂ ಇತ್ತು, ರಿಜಿಸ್ಟ್ರಾರರ ಮಾತೂ ಇತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ರಿಜಿಸ್ಟ್ರಾರರು ಓದಿ, "ಮೊದಲರ್ಧ ಬಹಳ ಚೆನ್ನಾಗಿದೆ ಮೇಡಂ" ಅಂದರು. ಎರಡನೆಯ ಅರ್ಧದ ಕೆಳಗೆ ಗೆರೆ ಎಳೆದು ನನ್ನ ಕಡೆ ತಳ್ಳಿದರು. "ಇದಿದ್ರೆ ನಿದ್ದೆ ಅಂತಾನೇ ಆಗುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ. ನೀವೇ ನೋಡಿ."

ಪೆನ್ನು ಕೈಯಲ್ಲಿ ಹಿಡಿದುಕೊಂಡು ಕೂತೆ. ಇಷ್ಟು ತಿಂಗಳು ಸಮಿತಿಯವರ ಒಂದೊಂದು ಸುಳ್ಳಿಗೂ ಕೂಗಾಡಿದವಳು ನಾನು. ಪಕ್ಕದ ಖಾಲಿ ಸೈಟನ್ನು 'ಹಸಿರು ಉಪವನ' ಎಂದು ಹಾಕಿದಾಗ ಸಭೆಯಿಂದ ಎದ್ದು ಬಂದಿದ್ದೆ. ಈಗ ಎದ್ದು ಬಂದರೆ ಮಂಜುನಾಥ ಬರುವುದನ್ನು ನಿಲ್ಲಿಸುತ್ತಾನೆ. ಎದ್ದು ಬರದಿದ್ದರೆ ಅಪ್ಪನ ಸಾಲು ಹೋಗುತ್ತದೆ. ಯಾರಾದರೂ ಬೇರೆಯವರು ಹೊಡೆದು ಹಾಕಿದ್ದರೆ ಅವರನ್ನು ಬೈದುಕೊಂಡು ಹಗುರಾಗಬಹುದಿತ್ತು. ಆ ಭಾಗ್ಯವೂ ಇಲ್ಲ. 'ಫಾದರ್ ಹಾಗೂ ವಿದ್ಯಾರ್ಥಿಗಳು ತಲೆಬಾಗಿ ಪ್ರಾರ್ಥಿಸುತ್ತಿದ್ದರು' ಎಂದು ನನ್ನ ಕೈಯಾರೆ ತಿದ್ದಿ ಕೊಟ್ಟೆ. ಅಕ್ಷರ ಮಾತ್ರ ದುಂಡಗಿತ್ತು.

ಸುತ್ತೋಲೆ ವಾಪಸಾಯಿತು. ಕ್ಯಾಮೆರಾ ಪಾಠದ ಕೊನೆಗೆ ಚಿತ್ರ ತೆಗೆಯತೊಡಗಿತು. ಮಹೋತ್ಸವದ ದಿನ ಬಿಷಪ್ಪರು ಬಂದರು. ಅವರನ್ನು ನಮ್ಮ ತರಗತಿಯ ಬಾಗಿಲಿಗೆ ಕರೆತಂದು ಪರಂಪರೆ ತೋರಿಸಿದರು. ಹುಡುಗರು ತಲೆ ಇಟ್ಟಿದ್ದರು. ರಿಜಿಸ್ಟ್ರಾರರು ಕಣ್ಣು ಮುಚ್ಚಿ ನಿಂತಿದ್ದರು. ಕಿಟಕಿ ಪಕ್ಕದ ಬೆಂಚಿನಿಂದ ಮಂಜುನಾಥನ ಗೊರಕೆ ನಿಧಾನವಾಗಿ ಎದ್ದಿತು. ಪುಣ್ಯಕ್ಕೆ ಪಕ್ಕದ ಯಂತ್ರ ಕೈಬಿಡಲಿಲ್ಲ, ಧಡ್ ಅಂತು. ಬಿಷಪ್ಪರು ನನ್ನ 'ವಿದ್ಯಾಲಯ ನಡೆದು ಬಂದ ದಾರಿ'ಯನ್ನು ಬಿಡುಗಡೆ ಮಾಡಿ, ಈ ಮೌನ ತಮ್ಮನ್ನು ತಟ್ಟಿತು ಎಂದು ಭಾಷಣದಲ್ಲಿ ಹೇಳಿದರು.

ಪುಸ್ತಕವನ್ನು ಮನೆಯಲ್ಲಿ ಬಚ್ಚಿಡಬೇಕೆಂದಿದ್ದೆ. ನಮ್ಮ ಯಜಮಾನರು ಹೆಮ್ಮೆಯಿಂದ ತಾವೇ ತೆಗೆದುಕೊಂಡು ಹೋಗಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಬಾಲ್ಕನಿಯಲ್ಲಿ ಕೂತು ಮೊದಲಿನಿಂದ ಓದಿದರು. ನಾನು ಒಳಗೆ ಹುರುಳಿಕಾಯಿ ಸೋಸುವ ನೆಪದಲ್ಲಿ ಕಿವಿ ಅಲ್ಲೇ ಇಟ್ಟಿದ್ದೆ. ಪುಟ ತಿರುಗುವ ಸದ್ದು ನಿಂತಿತು. ಬಹಳ ಹೊತ್ತಾದ ಮೇಲೆ ಪುಸ್ತಕ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಇದನ್ನ ಯಾರು ಬರದ್ರು?"

"ನಾನೇ ಅಪ್ಪಾ."

ಎಲ್ಲವನ್ನೂ ಹೇಳಿದೆ, ಕ್ಯಾಮೆರಾ, ಸುತ್ತೋಲೆ, ಮಂಜುನಾಥ, ಗೆರೆ ಎಳೆದ ಸಾಲು. ಕೇಳಿಸಿಕೊಂಡು ಒಳಗೆ ಹೋಗಿ ಮಲಗಿದರು. ಆ ವಾರವೆಲ್ಲ ನನ್ನೊಡನೆ ಮಾತು ಊಟ ಆಯಿತಾ, ಮಾತ್ರೆ ತಗೊಂಡೆ, ಇಷ್ಟಕ್ಕೇ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ನನಗೇ ರೇಗುತ್ತಿತ್ತು, ಆ ಸಿಟ್ಟನ್ನೆಲ್ಲ ಹಾಲಿನವನ ಮೇಲೆ, ಆಟೋದವನ ಮೇಲೆ ತೀರಿಸಿಕೊಂಡು ಓಡಾಡಿದೆ.

ಒಂದು ಬೆಳಿಗ್ಗೆ ಬೇಗನೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅಪ್ಪ ಶಾಲು ಹೊದ್ದುಕೊಂಡು ಬಾಗಿಲವರೆಗೆ ಬಂದರು.

"ಆ ಹುಡುಗ ಬರ್ತಿದಾನಾ?"

"ಬರ್ತಿದಾನೆ ಅಪ್ಪಾ."

"ಚೆನ್ನಾಗಿ ಮಲಗ್ತಾನಾ?"

"ಡಸ್ಟರ್ ತಟ್ಟಿದ್ರೂ ಏಳಲ್ಲ. ಪಕ್ಕದವರು ಅಲುಗಾಡಿಸಬೇಕು."

ಅಪ್ಪ ಬಾಗಿಲ ಚಿಲಕ ತೆಗೆದುಕೊಟ್ಟರು.

"ಹಂಗಿದ್ರ ಇನ್ನೊಂದೀಟು ಹೊತ್ತು ಬಿಡು. ಪ್ರಾರ್ಥನಿ ಅಂತ ಬರದ ಮ್ಯಾಲ ಗಡಿಬಿಡಿ ಮಾಡಬಾರದು."